ಅಕ್ಕನ ಹಳದಿ ಬಿಲ್ಲೆ

ಸಂಜೆ ಪುಡಿಯಣ್ಣ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಅಂದರೆ ಸಾಕು, ಅಡುಗೆಮನೆಯಿಂದ ಅಕ್ಕನ ಗಂಟಲು ಏಳುತ್ತಿತ್ತು. "ಥೂ! ಬಂತಪ್ಪಾ ಕೊಳೆತ ಮೀನು! ನಡಿ, ಮೊದಲು ಬಚ್ಚಲಿಗೆ ನಡಿ!" ಮಹಾತಾಯಿ ತಿರುಗಿ ಕೂಡ ನೋಡುತ್ತಿರಲಿಲ್ಲ. ಮುಖ ಒಲೆಯ ಕಡೆ, ಕೈಯಲ್ಲಿ ಸೌಟು, ಬಾಯಲ್ಲಿ ತಮ್ಮನಿಗೆ ಮಂಗಳಾರತಿ. ಅವನು ಕಮಕ್ ಕಿಮಕ್ ಅನ್ನದೆ ಹಿತ್ತಲಿಗೆ ಹೋಗಿ, ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿ, ಸೋಪು ತಿಕ್ಕಿ ಮಿಂದು, ಒಗೆದ ಅಂಗಿ ತೊಟ್ಟು ಬರಬೇಕು. ಆಮೇಲೆಯೇ ಚಹಾ. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಇದು ತಪ್ಪಿದ್ದಿಲ್ಲ.

ಪುಡಿಯಣ್ಣ ಅನ್ನುವುದು ಅವನ ಹೆಸರಲ್ಲ, ಬಿಡಿ. ಊರಾಚೆಯ ಸಂಶೋಧನಾಲಯದಲ್ಲಿ ಅವನು ಲ್ಯಾಬ್ ಸಹಾಯಕ. ದಿನಾ ಒಂದು ಬಗೆಯ ಪುಡಿ ಮಾಡುವುದು ಅವನ ಕೆಲಸ. ಅಲ್ಲಿನ ಹುಡುಗ ಹುಡುಗಿಯರು "ಪುಡಿಯಣ್ಣಾ, ಪುಡಿಯಣ್ಣಾ" ಅಂತ ಕೂಗಿ ಕೂಗಿ, ಕೊನೆಗೆ ಲ್ಯಾಬಿನ ಒಡತಿ ಮೇಡಂ ಕೂಡ ಹಾಗೇ ಕರೆಯತೊಡಗಿದರು. ಮನೆಯಲ್ಲಿ ಮಾತ್ರ ಅವನು ಪುಟ್ಟ. ತಲೆ ಅರ್ಧ ನರೆತಿದ್ದರೂ ಅಕ್ಕನಿಗೆ ಅವನು ಪುಟ್ಟನೇ.

ಆ ಪುಡಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಟ್ಟಡ ಕಟ್ಟುವಾಗ ಕಂಬಿಗೆ ಕಂಬಿ ಬಿಗಿದು ಸುತ್ತಲೂ ಚೌಕಟ್ಟು ನಿಲ್ಲಿಸುತ್ತಾರಲ್ಲ, ಆ ಪುಡಿಯ ಒಂದೊಂದು ಹರಳೂ ಒಳಗೆ ಹಾಗೇ ಇರುತ್ತದೆ. ಲೋಹದ ಕಣ ಗಂಟಿನ ಹಾಗೆ, ಗಂಟಿನಿಂದ ಗಂಟಿಗೆ ಇಂಗಾಲದ ಕಡ್ಡಿ, ನಡುವೆ ಖಾಲಿ ಗೂಡು. ಗೂಡು ಅಂದರೆ ಎಷ್ಟು ಅಂತೀರಿ! ಚಿಟಿಕೆ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ದೊಡ್ಡ ಅಂಗಳವೇ ತುಂಬಿಹೋಗುತ್ತದಂತೆ. ಗಾಳಿಯಲ್ಲಿ ತೇಲಿಬಂದ ವಾಸನೆಯ ಕಣ ಆ ಗೂಡಿಗೆ ಹೊಕ್ಕು ಕೂತಿತೋ, ಪುಡಿಯ ಬಣ್ಣ ಬದಲಾಗುತ್ತದೆ. ಮೀನು, ಮಾಂಸ ಕೆಡುವಾಗ ಹೊರಡುವ ನಾತವನ್ನು ಹೀಗೆ ಹಿಡಿಯಬೇಕು, ಸರಕು ಸಾಗಿಸುವ ತಣ್ಣನೆಯ ಲಾರಿಗಳಲ್ಲಿ ಇಂಥದ್ದೊಂದು ಇಡಬೇಕು ಅನ್ನುವುದು ಮೇಡಂ ಆಸೆ. ಆದರೆ ಈ ಹರಳು ಬೆಳೆಸುವಾಗ ಹಾಕುವ ಒಂದು ದ್ರವ ಇದೆ ನೋಡಿ, ಅದರದ್ದೇ ನಾತ ಬಿಸಿಲಿಗೆ ಬಿದ್ದ ಮೀನಿನಂತೆ. ಮೇಲೆ ಕೋಟು ತೊಟ್ಟರೂ ಒಳಗಿನ ಅಂಗಿಗೆ ಇಳಿಯುತ್ತಿತ್ತು. ದಿನವಿಡೀ ಅದರ ಜೊತೆಗೇ ಇರುವ ಪುಡಿಯಣ್ಣನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗುವುದಕ್ಕೆ ಅಕ್ಕ ಇದ್ದಳಲ್ಲ.

ಅಕ್ಕನ ಮೂಗು ಅಂದರೆ ಸಾಮಾನ್ಯದ ಮೂಗಲ್ಲ. ಅಮ್ಮ ತೀರಿಕೊಂಡಾಗ ಇವನಿನ್ನೂ ಚಡ್ಡಿ ಜಾರುವ ಹುಡುಗ. ಅಕ್ಕ ಪುಸ್ತಕ ಮುಚ್ಚಿಟ್ಟು ಸೌಟು ಹಿಡಿದಳು. ಅಂದಿನಿಂದ ಪಕ್ಕದ ಬೀದಿಯ ಮಕ್ಕಳ ಮನೆಯಲ್ಲಿ ಅಡುಗೆ ಅವಳದ್ದೇ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೆಳಿಗ್ಗೆ ಬಿಟ್ಟು ಹೋಗುವ ಪುಟಾಣಿಗಳು, ಇನ್ನೂ ಅ ಆ ತಿರುಗದ ಬಾಯಿಗಳು. ಮುಚ್ಚಳ ಸರಿಸುವ ಮುಂಚೆಯೇ ಅಕ್ಕ ಹೇಳುತ್ತಿದ್ದಳು, ಆಲೂಗಡ್ಡೆ ಬೆಂದಿದೆ, ಸೂಪಿಗೆ ಇನ್ನೊಂದು ಕುದಿ ಬೇಕು ಅಂತ. ಅವಳಿಗೆ ಮದುವೆ ಕೂಡಿಬರಲಿಲ್ಲ. ಇವನಿಗೆ ಬಂದ ಹೆಣ್ಣುಗಳೆಲ್ಲ ಅಂಗಿಯ ನಾತಕ್ಕೇ ಓಡಿಹೋದವು ಅಂತ ಅಕ್ಕ ತಮಾಷೆ ಮಾಡುತ್ತಿದ್ದಳು. ಓಡಿಹೋಗಲಿಲ್ಲ, ಇವನೇ ಅಕ್ಕನನ್ನು ಒಂಟಿ ಮಾಡಲು ಮನಸ್ಸು ಬಾರದೆ ದಿನ ತಳ್ಳಿದ. ಅದು ಇಬ್ಬರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ.

ಆ ವರ್ಷ ಅಕ್ಕನಿಗೆ ಜ್ವರ ಬಂತು. ಎದ್ದು ಓಡಾಡಿದ ಮೇಲೆ ಎಲ್ಲ ಮೊದಲಿನಂತೆಯೇ ಆಯಿತು ಅಂದುಕೊಂಡ ಪುಡಿಯಣ್ಣ. ಒಂದು ಸಂಜೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಒಳಗೆ ಸೌಟಿನ ಸದ್ದು. ಬೈಗುಳ ಮಾತ್ರ ಬರಲಿಲ್ಲ. ಕಾದ. ಕೆಮ್ಮಿದ. ಅಕ್ಕ ಹೊರಗೆ ಇಣುಕಿ, "ಬಂದ್ಯಾ? ಕೂತ್ಕೋ, ಚಹಾ ತರ್ತೀನಿ" ಅಂದಳು.

ಏನೋ ಸಿಟ್ಟಿರಬೇಕು ಅಂದುಕೊಂಡು ತಾನಾಗಿಯೇ ಬಚ್ಚಲಿಗೆ ಹೋದ. ಮರುದಿನವೂ ಹಾಗೇ. ಅದರ ಮರುದಿನ ಬೇಕೆಂತಲೇ ಅದೇ ಅಂಗಿಯಲ್ಲಿ ಹೋಗಿ ಅವಳ ಪಕ್ಕದಲ್ಲೇ ಕೂತ. ಅಕ್ಕ ಅವನ ಹೆಗಲ ಮೇಲಿನ ದಾರದ ಎಳೆ ತೆಗೆದು ಹಾಕಿ, ಬಟಾಣಿ ಸುಲಿಯುತ್ತಾ ಕೂತಳು.

ರಜೆಯ ದಿನ ಬೆಳಿಗ್ಗೆ ಮಿಂದು, ಮಡಚಿಟ್ಟಿದ್ದ ಒಗೆದ ಅಂಗಿ ತೊಟ್ಟು ಬಂದು ಕೇಳಿದ. "ಅಕ್ಕಾ, ನನ್ನ ಅಂಗಿ ನಾತ ಹೊಡೀತಿದೆಯಾ?"

"ಹೊಡೀದೆ ಏನು? ಹೊಡೀತಿದೆ."

"ಮತ್ತೆ ಯಾಕೆ ಬೈತಾ ಇಲ್ಲ?"

"ಬೈಯೋಕೂ ಮೈಯಲ್ಲಿ ಶಕ್ತಿ ಬೇಡ್ವೇನೋ? ವಯಸ್ಸಾಯ್ತು ನಂಗೆ."

"ಇದು ಒಗೆದ ಅಂಗಿ ಅಕ್ಕಾ. ನೀನೇ ನಿನ್ನೆ ಮಡಚಿಟ್ಟಿದ್ದು."

ಅಕ್ಕನ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಅದನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎಂಥ ಜ್ವರದಲ್ಲೂ ಅಳದ ಹೆಂಗಸು, ಮಗುವಿನ ಹಾಗೆ ಬಿಕ್ಕಿದಳು. ಜ್ವರ ಬಿಟ್ಟಾಗಿನಿಂದ ಮೂಗಿಗೆ ಏನೂ ತಿಳಿಯುತ್ತಿಲ್ಲ. ಈರುಳ್ಳಿ ಇಲ್ಲ, ಸೋಪು ಇಲ್ಲ, ಸೀದದ್ದು ಇಲ್ಲ. ಡಾಕ್ಟರು, "ವಾಪಸ್ ಬಂದರೂ ಬರಬಹುದು, ಬಾರದೆಯೂ ಇರಬಹುದು" ಅಂದಿದ್ದಾರೆ. ಮಕ್ಕಳ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೀನು ಬಂದ ದಿನ, ಕೋಳಿ ಬಂದ ದಿನ, ಏನಾದರೊಂದು ನೆಪ ಹೇಳಿ ಮಕ್ಕಳ ಮನೆ ನಡೆಸುವ ದೊಡ್ಡ ಟೀಚರನ್ನು ಅಡುಗೆಮನೆಗೆ ಕರೆದು, ಅವರ ಮುಖ ಹೇಗಾಗುತ್ತದೆ ಅಂತ ನೋಡುವುದು. ಇಷ್ಟು ದಿನ ಹಾಗೇ ದೂಡಿದ್ದಾಳೆ.

"ಎಷ್ಟು ಚಿಕ್ಕ ಹೊಟ್ಟೆ ಅವು, ಪುಟ್ಟ. ಒಂದು ದಿನ ಕೆಟ್ಟಿದ್ದು ಬೇಯಿಸಿ ಹಾಕಿದ್ರೆ? ನಾನು ಬಿಟ್ಟುಬಿಡ್ತೀನಿ ಕಣೋ. ಮೂಗಿಲ್ಲದ ಅಡುಗೆಯವಳು ಯಾರಿಗೆ ಬೇಕು?"

ಬಿಟ್ಟು ಏನು ಮಾಡುತ್ತಾಳೆ? ಆ ಅಡುಗೆಮನೆ ಬಿಟ್ಟರೆ ಅಕ್ಕನಿಗೆ ಬೇರೆ ಬದುಕೇ ಗೊತ್ತಿಲ್ಲ. ಪುಡಿಯಣ್ಣ ಅವಳ ಮುಂದೆ ಮಂಡಿಯೂರಿ ಕೂತು, "ಸ್ವಲ್ಪ ತಡಿ ಅಕ್ಕಾ. ನಿನಗೊಂದು ಮೂಗು ಮಾಡಿಕೊಡ್ತೀನಿ" ಅಂದ. ಅಕ್ಕ ಅಳುವಿನ ನಡುವೆಯೇ ನಕ್ಕು, "ಮೂಗು ಮಾಡ್ತಾನಂತೆ! ಮುಖದ ಮೇಲೆ ಮೂಗು ನೆಟ್ಟಗಿರೋ ಹಾಗೆ ಮಾಡೋ ಮಾರಾಯ" ಅಂದಳು.

ಮರುದಿನ ಮೇಡಂ ಮುಂದೆ ಕೈ ಕಟ್ಟಿ ನಿಂತ. ಮೇಡಂ ಪೂರ್ತಿ ಕೇಳಿದರು. "ತಗೊಂಡು ಹೋಗಿ ಪುಡಿಯಣ್ಣ, ಇದಕ್ಕಲ್ಲದೆ ಇನ್ಯಾತಕ್ಕೆ? ಆದ್ರೆ ಇದು ಲಾರಿಗೆ ಅಂತ ಮಾಡಿದ್ದು. ಅಡುಗೆಮನೆ ಹಬೆಯಲ್ಲಿ ನೀರಿನ ಕಣಗಳೇ ಗೂಡು ತುಂಬಿಬಿಡಬಹುದು. ದಿನಾ ಬಿಸಿ ತೋರಿಸಿ ಖಾಲಿ ಮಾಡಬೇಕು. ಇದೊಂದನ್ನೇ ನಂಬಿಕೊಂಡೂ ಕೂರಬೇಡಿ" ಅಂದರು.

ಪುಡಿಯಣ್ಣ ಬಣ್ಣ ಬದಲಿಸುವ ಆ ಪುಡಿಯನ್ನು ಕಾಗದದ ಮೇಲೆ ತೆಳ್ಳಗೆ ಹಚ್ಚಿ, ದುಂಡಗೆ ಕತ್ತರಿಸಿ, ಕೋಟಿನ ಗುಂಡಿಯಷ್ಟು ದೊಡ್ಡ ಡಬ್ಬಿಯಲ್ಲಿ ಕೂರಿಸಿ, ಮೇಲೆ ಜಾಲರಿ ಬಿಗಿದ. ನಿಂಬೆಹಣ್ಣಿನ ಬಣ್ಣದ ಬಿಲ್ಲೆ. ಗಾಜಿನ ಪೆಟ್ಟಿಗೆಯಲ್ಲಿ ತಾಜಾ ಮೀನಿನ ಜೊತೆ ಇಟ್ಟರೆ ಹಳದಿಯಾಗೇ ಉಳಿಯಿತು. ಬಿಸಿಲಿಗಿಟ್ಟ ಮೀನಿನ ಜೊತೆ ಇಟ್ಟರೆ ಕೆಂಪಿಟ್ಟಿಗೆಯಂತಾಯಿತು. ಬಿಸಿ ಪಾತ್ರೆಯ ಮುಚ್ಚಳದ ಮೇಲೆ ಕೊಂಚ ಹೊತ್ತು ಇಟ್ಟರೆ ಗೂಡು ಖಾಲಿಯಾಗಿ ಮತ್ತೆ ಹಳದಿ. ಹಾಲಿಗೆ ಇದು ಬೇಡ, ಕೆಟ್ಟಿದ್ದರೆ ಕಾಯಿಸಿದಾಗ ಒಡೆದು ತಾನೇ ಹೇಳುತ್ತದೆ. ಅಡುಗೆ ಸೀಯದಿರಲು ಗಂಟೆ ಬಾರಿಸುವ ಗಡಿಯಾರ ತಂದ. ರಜೆಯ ದಿನ ಬೆಳಿಗ್ಗೆ ಮಿಂದು ಬಂದು ಬಿಲ್ಲೆಯನ್ನು ಅಕ್ಕನ ಅಂಗೈಯಲ್ಲಿಟ್ಟಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇನಾ ನನ್ನ ಮೂಗು?" ಅಂದಳು. ದನಿಯಲ್ಲಿ ಆಸೆ ಇತ್ತು.

ಮೀನು ಬರುವ ದಿನ ಪುಡಿಯಣ್ಣನಿಗೆ ಲ್ಯಾಬಿನಲ್ಲಿ ಕೂರಲಾಗಲಿಲ್ಲ. ಅರ್ಧ ಕೆಲಸ ಬಿಟ್ಟು, ಕೋಟು ಕಳಚಿ, ಹಾಗೇ ಮಕ್ಕಳ ಮನೆಗೆ ಓಡಿದ. ಅಡುಗೆಮನೆ ಬೆಳ್ಳಗೆ, ಚೊಕ್ಕ. ಅಕ್ಕ ಮೀನಿನ ತಟ್ಟೆಯ ಮೇಲೆ ಬಿಲ್ಲೆ ಹಿಡಿದಿದ್ದಳು. ಇವನು ಪಕ್ಕಕ್ಕೆ ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. ನೋಡನೋಡುತ್ತಿದ್ದಂತೆ ಹಳದಿಗೆ ಕಂದು ಹತ್ತಿತು, ಕಂದು ಕೆಂಪಾಯಿತು.

"ಅಯ್ಯೋ ದೇವರೇ, ಕೆಟ್ಟಿದೆ!" ಅಂದಳು ಅಕ್ಕ. ಅಷ್ಟರಲ್ಲಿ ಅತ್ತ ಬಂದ ದೊಡ್ಡ ಟೀಚರ್ ಬಾಗಿಲಲ್ಲೇ ನಿಂತು ಮೂಗು ಮುರಿದು, "ಏನೋ ನಾತ ಬರ್ತಿದೆಯಲ್ಲ?" ಅಂದರು. ಇನ್ನೇನು ಬೇಕು? ಮೀನೆಲ್ಲ ಹೊರಗೆ ಹೋಯಿತು. ಮಕ್ಕಳಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅಕ್ಕನ ಮುಖ ಹೇಗೆ ಅರಳಿತ್ತು ಅಂದರೆ! "ಪುಟ್ಟ, ನಿನ್ನ ಬಿಲ್ಲೆ ಇಲ್ಲದಿದ್ರೆ ಇವತ್ತು ಏನು ಗತಿ?" ಅಂತ ಅವನ ಕೆನ್ನೆ ಸವರಿದಳು. ಪುಡಿಯಣ್ಣ ಮುಗಿಲಿಗೆ ಏಣಿ ಹಾಕಿದವನಂತೆ ಲ್ಯಾಬಿಗೆ ಮರಳಿದ.

ನೀವು ಆಗಲೇ ನಗುತ್ತಿದ್ದೀರಿ, ನನಗೆ ಗೊತ್ತು. ಆದರೆ ಆ ಇಬ್ಬರಿಗೂ ಹೊಳೆಯಲಿಲ್ಲ ನೋಡಿ. ಒಬ್ಬಳಿಗೆ ಮೂಗಿಲ್ಲ, ಇನ್ನೊಬ್ಬನ ಮೂಗು ಆ ನಾತಕ್ಕೆ ಎಂದೋ ಪಳಗಿಹೋಗಿದೆ. ಅಕ್ಕ ಬೈಯುವುದು ನಿಂತ ಮೇಲೆ ಅವನಿಗೆ ಅಂಗಿ ಬದಲಿಸುವ ಅಭ್ಯಾಸವೂ ಜಾರಿತ್ತು. ಅದೇ ಅಂಗಿಯಲ್ಲಿ ಚಹಾ, ಅದೇ ಅಂಗಿಯಲ್ಲಿ ಊಟ. ಹೇಳುವವರು ಯಾರು?

ಮೀನಿನವನು ಸಂಜೆಯೇ ಮಕ್ಕಳ ಮನೆಯ ಬಾಗಿಲಿಗೆ ಬಂದು ಕೂಗಾಡಿದ. "ಅದೇ ಬುಟ್ಟಿಯ ಮೀನು ನನ್ನ ಮನೆಯಲ್ಲೂ ಬೇಯಿಸಿದೀವಿ! ನನ್ನ ಮಕ್ಕಳು ತಿಂದು ಗುಂಡಗೆ ಕೂತಿದಾವೆ, ಬಂದು ನೋಡಿ!" ಅಕ್ಕನ ಮುಖ ಬಿಳಿಚಿತು.

ಕೋಳಿ ಬಂದ ದಿನ ಪುಡಿಯಣ್ಣ ಮತ್ತೆ ಓಡಿಬಂದ. ಬಿಲ್ಲೆ ಮತ್ತೆ ಕೆಂಪಾಯಿತು. ದೊಡ್ಡ ಟೀಚರ್ ಈ ಸಲ ತಟ್ಟೆಯನ್ನೇ ಎತ್ತಿ ಕಿಟಕಿಯ ಬಳಿ ಒಯ್ದು, ಮೂಗಿಗೆ ಹಿಡಿದು, "ಕೋಳಿ ಚೆನ್ನಾಗೇ ಇದೆಯಲ್ಲ! ಅದೇನು ಆ ಬಿಲ್ಲೆ? ನಿಮಗೆ ಏನಾಗಿದೆ?" ಅಂದರು. ಅಕ್ಕ ಒಲೆ ಆರಿಸಿ, ಕೈ ಒರೆಸಿಕೊಂಡು, ಎಲ್ಲ ಹೇಳಿಬಿಟ್ಟಳು. ಪುಡಿಯಣ್ಣ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ.

ದೊಡ್ಡ ಟೀಚರ್ ಕೆಟ್ಟವರಲ್ಲ. ಅಕ್ಕನ ಕೈ ಹಿಡಿದುಕೊಂಡೇ ಮಾತಾಡಿದರು. "ಮೊದಲೇ ಹೇಳಬಾರದಿತ್ತಾ? ಈ ವಾರ ಪೂರ್ತಿ ನಾನೇ ಬಂದು ನೋಡ್ತೀನಿ. ಆಮೇಲೆ ಬೇರೆಯವರನ್ನ ಹುಡುಕಲೇಬೇಕು, ಮಕ್ಕಳ ವಿಷಯ. ನಿಮ್ಮನ್ನ ಎಲ್ಲಿಗೂ ಕಳಿಸಲ್ಲ. ಮಕ್ಕಳ ಜೊತೆ ಕೂತು ಕತೆ ಹೇಳಿ, ಸಾಕು." ಅಕ್ಕ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ತಮ್ಮನಿಗೆ ಹೇಳಿದಳು. "ಕತೆ ಹೇಳೋಕೆ ಬಾಯಿ ಸಾಕು ಪುಟ್ಟ. ಈ ಕೈ ಏನು ಮಾಡಲಿ?"

ಆ ವಾರ ಪುಡಿಯಣ್ಣ ಊಟ ಮಾಡಿದ್ದು ಲೆಕ್ಕಕ್ಕಿಲ್ಲ. ಹಬೆಯದ್ದೇ ಕಿತಾಪತಿ ಅಂತ ಪುಡಿಯನ್ನು ಹೊಸದಾಗಿ ಬೆಳೆಸಿದ, ಜಾಲರಿ ಬದಲಿಸಿದ, ಮತ್ತೆ ಮತ್ತೆ ಒಣಗಿಸಿದ. ಗಾಜಿನ ಪೆಟ್ಟಿಗೆಯೊಳಗೆ ಬಿಲ್ಲೆ ಅಪ್ಪಟ ಸತ್ಯವನ್ನೇ ಹೇಳುತ್ತಿತ್ತು. ಹೊರಗೆ ತಂದ ಕೂಡಲೇ ಹುಚ್ಚು ಹಿಡಿದಂತೆ ಕೆಂಪಾಗುತ್ತಿತ್ತು. ತನ್ನ ಕೈಯಿಂದ ಅಕ್ಕನ ಹೆಸರು ಕೆಟ್ಟಿತಲ್ಲ ಅನ್ನುವುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಮೇಡಂ, "ಲ್ಯಾಬಿನ ಗಾಳಿಯಲ್ಲೇ ಏನೋ ಇರಬೇಕು, ನಾಳೆ ಕೂತು ನೋಡೋಣ, ಈಗ ಮನೆಗೆ ಹೋಗಿ" ಅಂತ ಗದರಿ ಕಳಿಸಿದರು.

ವಾರದ ಕೊನೆಯ ಸಂಜೆ ಅದು. ಅಕ್ಕ ಮಕ್ಕಳ ಮನೆಯ ತನ್ನ ಏಪ್ರನ್ ಒಗೆದು ಒಣಗಿಸಿ, ಮಡಚಿ ಮೇಜಿನ ಮೇಲಿಟ್ಟಿದ್ದಳು. ನಾಳೆ ಅದನ್ನು ಹಿಂತಿರುಗಿಸಬೇಕು. ಹಳೆಯ ಬಿಲ್ಲೆ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು. ಬೆಳಿಗ್ಗೆ ಅಭ್ಯಾಸಬಲದಿಂದ ಅದನ್ನು ಮುಚ್ಚಳದ ಮೇಲೆ ಬಿಸಿ ಮಾಡಿದ್ದಳು, ಹಳದಿಯಾಗೇ ಇತ್ತು. ಪುಡಿಯಣ್ಣ ಬಂದ, ಏಪ್ರನ್ ನೋಡಿದ, ಕಿಟಕಿಗೆ ಒರಗಿ ಕೂತ. ಅಕ್ಕ ಚಹಾ ತಂದಿಟ್ಟು ಎದುರಿಗೆ ಕೂತಳು.

ಕೂತವಳ ಕಣ್ಣು ಕಟ್ಟೆಯ ಮೇಲೆ ಹೋಯಿತು. ಹಳದಿಗೆ ಕಂದು ಹತ್ತುತ್ತಿತ್ತು.

"ಪುಟ್ಟ, ಮನೆಯಲ್ಲಿ ಮೀನಿಲ್ಲ."

"ಗೊತ್ತು ಅಕ್ಕಾ. ಅದು ಕೆಟ್ಟುಹೋಗಿದೆ, ಬಿಸಾಕು."

"ಮಾಂಸಾನೂ ಇಲ್ಲ. ಬೆಳಗಿಂದ ಇಲ್ಲೇ ಬಿದ್ದಿದೆ ಇದು, ಒಂಚೂರೂ ಕದಲಿಲ್ಲ." ಅಕ್ಕ ಬಿಲ್ಲೆಯನ್ನೂ ನೋಡಿದಳು, ತಮ್ಮನನ್ನೂ ನೋಡಿದಳು. "ಎದ್ದು ಹಿತ್ತಲಿಗೆ ಹೋಗು ನೋಡೋಣ."

"ಯಾಕೆ?"

"ಹೋಗೋ ಅಂದ್ರೆ!"

ಅವನು ಹೋದ. ಅಕ್ಕ ಬಾಗಿಲು ಕಿಟಕಿ ಪೂರ್ತಿ ತೆರೆದಿಟ್ಟು, ಬಿಲ್ಲೆಯನ್ನು ಚಹಾ ಪಾತ್ರೆಯ ಬಿಸಿ ಮುಚ್ಚಳದ ಮೇಲಿಟ್ಟು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಾ ನಿಂತಳು. ಕೆಂಪು ಇಳಿದು ಹಳದಿ ಬಂತು. ತಣಿಯಲು ಬಿಟ್ಟಳು. ಹಳದಿಯೇ. "ಬಾ ಈಗ" ಅಂದಳು. ಅವನು ಬಂದು ಎದುರಿಗೆ ನಿಂತ. ಅಕ್ಕ ತುದಿಗಾಲಲ್ಲಿ ನಿಂತು ಬಿಲ್ಲೆಯನ್ನು ಅವನ ಅಂಗಿಯ ಕಾಲರಿಗೆ ಹಿಡಿದಳು. ಅವಳ ಬೆರಳ ನಡುವೆಯೇ ಅದು ಕಂದಾಗಿ, ಕೆಂಪಾಗಿ, ಕೆಂಪಿಟ್ಟಿಗೆಯಾಯಿತು.

ಪುಡಿಯಣ್ಣ ಕಣ್ಣು ಕೆಳಗೆ ಮಾಡಿ ನೋಡಿದ. ಗಾಜಿನ ಪೆಟ್ಟಿಗೆ, ಹಬೆ, ಜಾಲರಿ ಅಂತ ವಾರವಿಡೀ ತಲೆ ಕೆಡಿಸಿಕೊಂಡವನಿಗೆ ತನ್ನ ಬೆನ್ನ ಮೇಲಿನ ಅಂಗಿ ನೆನಪಿಗೆ ಬಂದಿರಲಿಲ್ಲ. ಮೀನು ಒಳ್ಳೆಯದಿತ್ತು, ಕೋಳಿಯೂ ಒಳ್ಳೆಯದಿತ್ತು, ಬಿಲ್ಲೆಯಂತೂ ಬಂಗಾರ. ನಾತ ಹೊತ್ತು ಅಡುಗೆಮನೆಗೆ ಓಡಿಬಂದವನು ತಾನೇ.

ಎಷ್ಟೋ ದಿನಗಳ ಮೇಲೆ ತಮ್ಮನ ವಾಸನೆ ಅಕ್ಕನಿಗೆ ಸಿಕ್ಕಿತ್ತು, ಮೂಗಿಗಲ್ಲ, ಕಣ್ಣಿಗೆ. ಸೊಂಟಕ್ಕೆ ಕೈ ಕೊಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಥೂ! ಕೊಳೆತ ಮೀನೇ! ಎಷ್ಟು ದಿನದಿಂದ ಹೀಗೆ ಮನೆಯೆಲ್ಲ ನಾರಿಸ್ತಾ ಇದ್ದೀಯೋ? ಅಡುಗೆಮನೆಗೆ ಕಾಲಿಟ್ಟು ನನ್ನ ಮರ್ಯಾದೆ ತೆಗೆದೆಯಲ್ಲೋ! ನಡಿ, ಬಚ್ಚಲಿಗೆ ನಡಿ ಮೊದಲು!"

ಪುಡಿಯಣ್ಣ ಬಚ್ಚಲಿಗೆ ಹೋಗಿ, ತಲೆಯ ಮೇಲೆ ನೀರು ಸುರಿದುಕೊಂಡು, ಸದ್ದಿಲ್ಲದೆ ಅತ್ತ. ಹೊರಗೆ ಅಕ್ಕನ ಬೈಗುಳ ಇನ್ನೂ ನಿಂತಿರಲಿಲ್ಲ. ಅವನು ಬೇಕೆಂತಲೇ ನಿಧಾನವಾಗಿ ಸೋಪು ಹಚ್ಚಿಕೊಂಡ.

ಮರುದಿನ ಏಪ್ರನ್ ಹಿಂತಿರುಗಿಸಲು ಹೋದ ಅಕ್ಕ ಅದನ್ನು ಕಟ್ಟಿಕೊಂಡೇ ನಿಂತಳು. ನಡೆದದ್ದೆಲ್ಲ ಹೇಳಿ, ತಾಜಾ ಮೀನು ಒಂದು ತಟ್ಟೆಯಲ್ಲಿ, ಹಿಂದಿನ ದಿನ ಹೊರಗುಳಿದ ತುಂಡು ಇನ್ನೊಂದರಲ್ಲಿ ಇಟ್ಟು, ಬಿಲ್ಲೆ ಹಿಡಿದು ತೋರಿಸಿದಳು. ಒಂದರ ಮೇಲೆ ಹಳದಿ, ಇನ್ನೊಂದರ ಮೇಲೆ ಕೆಂಪು. ದೊಡ್ಡ ಟೀಚರ್ ಎರಡನ್ನೂ ಮೂಸಿ, ಮೂಗಿನ ಮೇಲೆ ಬೆರಳಿಟ್ಟರು. ಅಂದಿನಿಂದ ಮೀನು, ಮಾಂಸ ಬಂದರೆ ಮೊದಲು ಬಿಲ್ಲೆ, ಆಮೇಲೆ ದೊಡ್ಡ ಟೀಚರ ಮೂಗು, ಎರಡೂ ಒಪ್ಪಿದರೇ ಒಲೆಗೆ. ಪುಡಿಯಣ್ಣನಿಗೆ ಆ ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ಕಟ್ಟಪ್ಪಣೆ ಆಯಿತು. ಮೀನಿನವನಿಗೆ ಅಕ್ಕ ತಾನೇ ಹೋಗಿ ತಪ್ಪಾಯಿತು ಅಂದು ಬಂದಳು. ಅವನು ಸುಲಭಕ್ಕೆ ಬಗ್ಗಲಿಲ್ಲ, ಬಿಲ್ಲೆಯನ್ನು ತನ್ನ ಬುಟ್ಟಿಯ ಮೇಲೆ ಹಿಡಿದು ಹಳದಿ ತೋರಿಸುವವರೆಗೂ.

ಅಕ್ಕನ ಮೂಗು ಮರಳಿ ಬರಲೇ ಇಲ್ಲ. ಆದರೆ ಸಂಜೆಯ ಬೈಗುಳ ಒಂದು ದಿನವೂ ತಪ್ಪಲಿಲ್ಲ. ಪುಡಿಯಣ್ಣ ಬಾಗಿಲಲ್ಲಿ ನಿಲ್ಲುತ್ತಿದ್ದ, ಅಕ್ಕ ಬಂದು ಬಿಲ್ಲೆಯನ್ನು ಕಾಲರಿಗೆ ಹಿಡಿಯುತ್ತಿದ್ದಳು, ಕೆಂಪಾಗುತ್ತಿದ್ದಂತೆ ಶುರು. ಕಾಗದ ಹಳತಾದಾಗ ಅವನು ಹೊಸದು ಮಾಡಿ ತರುತ್ತಿದ್ದ. ಹೊಸದರ ಮೊದಲ ಪರೀಕ್ಷೆಯೂ ಅವನ ಅಂಗಿಯ ಮೇಲೆಯೇ.

ಕೆಲಸದಿಂದ ಅವನು ನಿವೃತ್ತನಾದ ಮರುದಿನ ಇಡೀ ಮಧ್ಯಾಹ್ನ ಸುಮ್ಮನೆ ಬೀದಿ ಸುತ್ತಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಸಂಜೆ ಮನೆಗೆ ಬಂದ. ಮೈಮೇಲೆ ಒಗೆದ ಬಿಳಿ ಅಂಗಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಭ್ಯಾಸದಂತೆ ನಿಂತ. ಅಕ್ಕ ಸೌಟು ಹಿಡಿದೇ ಬಂದು, ಬಿಲ್ಲೆಯನ್ನು ಅವನ ಕಾಲರಿಗೆ ಹಿಡಿದಳು. ಇಬ್ಬರೂ ಬಗ್ಗಿ ನೋಡಿದರು. ಬಿಲ್ಲೆ ಹಳದಿಯಾಗೇ ಇತ್ತು. ಕಾದರು. ಆಗಲೂ ಹಳದಿಯೇ.

ಪುಡಿಯಣ್ಣನ ಮುಖ ಬಾಡಿತು. ಅಕ್ಕ ಬಿಲ್ಲೆಯನ್ನು ನೋಡಿದಳು, ಆ ಮುಖವನ್ನು ನೋಡಿದಳು, ಬಿಲ್ಲೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಥೂ! ಬಂತಪ್ಪಾ ಕೊಳೆತ ಮೀನು" ಅಂದಳು. "ಏನು ನೋಡ್ತಾ ನಿಂತಿದ್ದೀಯೋ? ನಡಿ, ಮೊದಲು ಬಚ್ಚಲಿಗೆ ನಡಿ!"

ಅವನು ಹಿತ್ತಲಿಗೆ ಹೋಗಿ, ಒಗೆದ ಅಂಗಿಯನ್ನು ಬಿಚ್ಚಿ ಮೊಳೆಗೆ ನೇತುಹಾಕಿ, ಬಚ್ಚಲಿಗೆ ಹೋದ.